ಅಜ್ಜಿ ಕಿತ್ತ ಹಾಲುಹಲ್ಲುಗಳು

ಮೇಣ ಸವರಿದ ದಾರ ಎರಡು ಹಲ್ಲುಗಳ ನಡುವೆ ನುಗ್ಗಿ ಒಳಗಿಳಿಯುವಾಗ ಟಿಕ್ ಅಂತ ಒಂದು ಸಣ್ಣ ಸದ್ದು ಬರುತ್ತದೆ. ಚಳ್ಳಕೆರೆಯ ಹಲ್ಲಿನ ಆಸ್ಪತ್ರೆಯಲ್ಲಿ ನನ್ನ ಏಳು ವರ್ಷದ ಮಗಳು ಸಿಂಚನ ಬಾಯಿ ಅಗಲಿಸಿಕೊಂಡು ಕುರ್ಚಿಯಲ್ಲಿ ಒರಗಿದ್ದಾಗ ಆ ಸದ್ದು ಕೇಳಿತು. ಡಾಕ್ಟರಮ್ಮ ಪುಟ್ಟ ಡಬ್ಬಿಯಿಂದ ದಾರ ಎಳೆದು, ಎರಡೂ ಕೈಯ ಬೆರಳಿಗೆ ಸುತ್ತಿಕೊಂಡು, ಹೆಬ್ಬೆರಳಿನಿಂದ ಬಿಗಿ ನೋಡಿ, ಒಂದೊಂದೇ ಸಂದಿಗೆ ಇಳಿಸುತ್ತಿದ್ದರು. ಬೆರಳಿಗೆ ದಾರ ಸುತ್ತುವ ಆ ರೀತಿಯನ್ನು ನಾನು ಇದಕ್ಕೆ ಮುಂಚೆ ಒಬ್ಬರ ಕೈಯಲ್ಲಿ ಮಾತ್ರ ನೋಡಿದ್ದೆ. "ಹಾಲುಹಲ್ಲು ಇಷ್ಟು ಒತ್ತೊತ್ತಾಗಿ ಇದ್ರೆ ಮುಂದೆ ದೊಡ್ಡ ಹಲ್ಲಿಗೆ ಜಾಗ ಸಾಲಲ್ಲ ನೋಡಿ" ಅಂದರು ಡಾಕ್ಟರಮ್ಮ. ಆಮೇಲೆ ಹಿಂದಿನ ದವಡೆಯ ಕರಿ ಹಲ್ಲೊಂದನ್ನು ಕಡ್ಡಿಯಿಂದ ಮುಟ್ಟಿ, "ಇದು ಪೂರಾ ಹುಳುಕಾಗಿದೆ, ಉಳಿಸೋ ಹಾಗೇ ಇಲ್ಲ. ಯಾಕೆ ಇಷ್ಟು ದಿನ ಬಿಟ್ರಿ?" ಅಂತ ಕೇಳಿದರು. "ಹಾಲುಹಲ್ಲು ಅಲ್ವಾ ಮೇಡಂ, ಹೆಂಗೂ ಬಿದ್ದೋಗ್ತೈತೆ ಅಂತ..." ಅಂದೆ. ಅಂದವನೇ ನಾಲಿಗೆ ಕಚ್ಚಿಕೊಂಡೆ. ಬಾಯಿ ಬಿಟ್ಟರೆ ಬಣ್ಣಗೇಡು ಅನ್ನುವುದು ಇದಕ್ಕೇ. ಆ ಮಾತು ನನ್ನದಲ್ಲ, ನಮ್ಮ ಅಜ್ಜಿಯದು. ಆ ಮಾತಿನಿಂದ ಏನಾಯಿತು ಅಂತ ಈ ಲೋಕದಲ್ಲಿ ಯಾರಿಗಾದರೂ ಗೊತ್ತಿರಬೇಕಾಗಿದ್ದರೆ ಅದು ನನಗೇ. ಆದರೂ ನನ್ನ ಮಗಳ ಬಾಯಿಯಲ್ಲಿ ಹಲ್ಲು ಕರಗುತ್ತಿದ್ದಾಗ ನಾನು ಅದನ್ನೇ ಅಂದುಕೊಂಡು ಸುಮ್ಮನಿದ್ದೆ.

ನಮ್ಮ ಮನೆ ಮೊಳಕಾಲ್ಮೂರಿನ ನೇಕಾರರ ಬೀದಿಯಲ್ಲಿತ್ತು. ಮಣ್ಣಿನ ಮಾಳಿಗೆ, ತಲೆ ಬಗ್ಗಿಸಿಯೇ ಹೋಗಬೇಕಾದ ಬಾಗಿಲು, ಒಳಗೆ ಕಾಲಿಟ್ಟರೆ ಎಡಕ್ಕೊಂದು ಬಲಕ್ಕೊಂದು, ನೆಲದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ನೇಯುವ ಗುಂಡಿ ಮಗ್ಗ. ಒಂದರಲ್ಲಿ ಅಪ್ಪ, ಇನ್ನೊಂದರಲ್ಲಿ ಅವ್ವ ಕುಂತು ನೇಯುತ್ತಿದ್ದರು. ಮಗ್ಗದ ಸದ್ದಿನಲ್ಲೇ ಹುಟ್ಟಿ ಬೆಳೆದ ಮಕ್ಕಳು ನಾವು. ಅದು ಆಡುತ್ತಿದ್ದರೆ ಹಾಯಾಗಿ ನಿದ್ದೆ ಹೊಡೆಯುತ್ತಿದ್ದೆವು, ನಿಂತರೆ ಧಡಕ್ಕನೆ ಎಚ್ಚರವಾಗುತ್ತಿತ್ತು. ಮನೆ ತುಂಬ ಹಸಿ ರೇಷ್ಮೆಯ ವಾಸನೆ. ಹೊರಗಿನವರು ಬಂದರೆ ಮೂಗು ಮುಚ್ಚಿಕೊಳ್ಳುತ್ತಿದ್ದರು, ನಮಗೆ ಅದೇ ಮನೆಯ ಗುರುತು. ನಡುಮನೆಯ ಕಂಬಕ್ಕೆ ಒರಗಿ, ರಾಟೆ ಮುಂದಿಟ್ಟುಕೊಂಡು, ಲಾಳಿಗೆ ಬೇಕಾದ ನೂಲು ಸುತ್ತುತ್ತಾ ಕೂರುತ್ತಿದ್ದವಳು ಅಪ್ಪನ ತಾಯಿ ತಿಪ್ಪಮ್ಮ. ಕುಳ್ಳಗೆ, ಕರ್ರಗೆ, ಹಣೆ ತುಂಬ ವಿಭೂತಿ, ಬಾಯಿ ತುಂಬ ಎಲೆಅಡಿಕೆ. ಸಿಟ್ಟು ಬಂದರೆ ಕನ್ನಡ, ಮುದ್ದು ಬಂದರೆ ತೆಲುಗು. ಬೈಯುವಾಗ "ನಿನ್ನ ಬಾಯಿಗೆ ಮಣ್ಣು ಹಾಕ" ಅಂತ ಶುರು ಮಾಡಿದವಳು, ನಾವು ಅತ್ತುಬಿಟ್ಟರೆ "ಏಡವಕು ನಾಯನಾ" ಅಂತ ಸೆರಗಿನಿಂದ ಕಣ್ಣು ಒರೆಸುತ್ತಿದ್ದಳು. ಅವಳ ಪಕ್ಕದಲ್ಲಿ ಸದಾ ಒಂದು ತೆಂಗಿನ ಚಿಪ್ಪು, ಅದರ ತುಂಬ ಜರಡಿ ಹಿಡಿದ ನುಣ್ಣನೆ ಬೂದಿ. ರೇಷ್ಮೆ ಎಳೆ ಬೆರಳಲ್ಲಿ ಜಾರಬಾರದು ಅಂತ ಆ ಬೂದಿ. ಬೆಳಗ್ಗೆ ಅದೇ ಬೂದಿಯಲ್ಲಿ ನಮ್ಮ ಹಲ್ಲು ಉಜ್ಜುವುದೂ ನಡೆಯುತ್ತಿತ್ತು.

ಅಜ್ಜಿಯ ದೊಡ್ಡ ಕೆಲಸ ಮಾತ್ರ ನೂಲು ಸುತ್ತುವುದಲ್ಲ, ಎಳೆ ಕೂಡಿಸುವುದು. ಮಗ್ಗದಲ್ಲಿ ಒಂದು ಹಾಸು, ಅಂದರೆ ಉದ್ದಕ್ಕೆ ಬಿಗಿದ ನೂಲು, ನೇಯ್ದು ಮುಗಿದ ಮೇಲೆ ಅದರ ಎಳೆಗಳನ್ನು ಪೂರಾ ಹೊರಗೆ ತೆಗೆಯುವುದಿಲ್ಲ. ಬಾಚಣಿಗೆಯಂತಿರುವ ಅಚ್ಚಿನಲ್ಲಿ ಗೇಣುದ್ದ ಎಳೆಗಳನ್ನು ಹಾಗೇ ಬಿಡುತ್ತಾರೆ. ಹೊಸ ಹಾಸು ತಂದು, ಒಂದೊಂದು ಹೊಸ ಎಳೆಯನ್ನೂ ಅದರದರ ಹಳೆ ಎಳೆಯ ತುದಿಗೆ ಬೂದಿ ಬೆರಳಿನಿಂದ ಹೊಸೆದು ಕೂಡಿಸಬೇಕು. ಸಾವಿರಾರು ಎಳೆ. ಆಮೇಲೆ ಮೆಲ್ಲಗೆ ಎಳೆದರೆ ಹಳೆಯದು ಮುಂದೆ ಹೋಗುತ್ತದೆ, ಹೊಸದು ಅದರ ಬೆನ್ನಿಗೆ ಬಂದು ತನ್ನ ಸಂದಿಯಲ್ಲೇ ಕೂರುತ್ತದೆ. ಒಂದು ಸಲ ಪಕ್ಕದೂರಿನಿಂದ ಕೆಲಸ ಕಲಿಯಲು ಬಂದ ಒಬ್ಬಾತ, ಚೊಕ್ಕ ಮಾಡುತ್ತೇನೆ ಅಂತ ಹಳೆ ಎಳೆಗಳನ್ನೆಲ್ಲ ಕತ್ತರಿಸಿ ತೆಗೆದುಬಿಟ್ಟಿದ್ದ. ಅಜ್ಜಿ ಮಗ್ಗದ ಮುಂದೆ ಕುಂತು ಹಣೆ ಬಡಿದುಕೊಂಡಳು. "ಹಳೇದು ಇದ್ರೆ ತಾನೇನಲೇ ಹೊಸದಕ್ಕೆ ತನ್ನ ಜಾಗ ಯಾವ್ದು ಅಂತ ಗೊತ್ತಾಗೋದು? ಈಗ ನೋಡು, ಒಂದರ ಸಂದಿಗೆ ಇನ್ನೊಂದು ನುಗ್ತೈತೆ" ಅಂದಳು. ಅಪ್ಪನೂ ಅವಳೂ ಸೇರಿ ಎಳೆ ಎಳೆ ಮತ್ತೆ ಪೋಣಿಸುವಷ್ಟರಲ್ಲಿ ವಾರ ಕಳೆದಿತ್ತು. ಆ ಮಾತು ಹೇಳುವಾಗ ಅವಳು ಮಗ್ಗವನ್ನು ಮಾತ್ರ ನೋಡುತ್ತಿದ್ದಳು. ನಾವೂ ಅಷ್ಟೇ.

ಅದೇ ಕೈ, ಅದೇ ಬೂದಿ, ಅದೇ ರೇಷ್ಮೆ ಎಳೆಯಲ್ಲಿ ಅವಳು ಬೀದಿಯ ಮಕ್ಕಳ ಹಾಲುಹಲ್ಲು ಕೀಳುತ್ತಿದ್ದಳು. ನಿಮ್ಮ ಮನೆಯಲ್ಲೂ ಇಂಥದೊಂದು ಕೈ ಇತ್ತೇನೋ. ಕಿವಿ ಚುಚ್ಚುವ ಕೈ, ದೃಷ್ಟಿ ತೆಗೆಯುವ ಕೈ, ಎಲ್ಲರೂ ಮಕ್ಕಳನ್ನು ನಂಬಿ ಬಿಟ್ಟುಹೋಗುವ ಕೈ. ನಮ್ಮ ಬೀದಿಗೆ ಅಜ್ಜಿಯೇ ಡಾಕ್ಟರು. ಎರಡೆಳೆ ರೇಷ್ಮೆ ಹೊಸೆದು, ಕುಣಿಕೆ ಮಾಡಿ, ಹಲ್ಲಿನ ಬುಡಕ್ಕೆ ಕೂರಿಸಿ, ಬೆರಳಿಗೆ ಸುತ್ತಿಕೊಂಡು, "ನಿಮ್ಮನೆ ಎಮ್ಮೆ ಎಷ್ಟು ಹಾಲು ಕೊಡ್ತೈತಲೇ?" ಅಂತ ಏನಾದರೂ ಕೇಳುತ್ತಿದ್ದಳು. ಉತ್ತರ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಹಲ್ಲು ಅವಳ ಅಂಗೈಯಲ್ಲಿ. ಮೆಕ್ಯಾನಿಕ್ ಸಾಬರ ಮನೆಯ ಶಫಿ ಬಂದಾಗ, "ಅಮ್ಮಾ, ಜರಾ ನಿಧಾನಕ್ಕೆ" ಅಂತ ಅವನ ತಾಯಿ ಬುರ್ಖಾದೊಳಗೇ ಕಣ್ಣು ಮುಚ್ಚಿಕೊಂಡು ನಿಂತಿದ್ದರು. ಅವರು ಕಣ್ಣು ಬಿಡುವಷ್ಟರಲ್ಲಿ ಶಫಿ ಬೆಲ್ಲ ಶೇಂಗಾ ಮೆಲ್ಲುತ್ತಿದ್ದ. ಹಲ್ಲನ್ನು ಸಗಣಿ ಉಂಡೆಯಲ್ಲಿ ಹುದುಗಿಸಿ ಮಾಳಿಗೆ ಮೇಲೆ ಎಸೆಯಬೇಕು, ಹಿಂತಿರುಗಿ ನೋಡಬಾರದು. ನಮ್ಮ ಮಾಳಿಗೆ ಮೇಲೆ ಆ ಬೀದಿಯ ಎಲ್ಲರ ಬಾಲ್ಯ ಒಣಗುತ್ತಾ ಬಿದ್ದಿತ್ತು ಅನ್ನಿ. ಅಜ್ಜಿಯ ಲೆಕ್ಕ ಸರಳ. ಹಾಲುಹಲ್ಲು ಅಂದರೆ ಹೋಗಲೇಬೇಕಾದ ನೆಂಟ, ಬೇಗ ಕಳಿಸಿದಷ್ಟೂ ಹಿಂದೆ ಬರುವವರಿಗೆ ದಾರಿ. ಅಲ್ಲಾಡಿದರೆ ಕೀಳು. ಅಲ್ಲಾಡದಿದ್ದರೂ ನೋವಾದರೆ ಕೀಳು. "ಹಾಲುಹಲ್ಲು ತಾನೇ, ಹೆಂಗೂ ಬಿದ್ದೋಗ್ತೈತೆ."

ನನಗಿಂತ ನಾಲ್ಕು ವರ್ಷ ಚಿಕ್ಕವಳು ತಂಗಿ ಗೌರಿ. ಅಜ್ಜಿಗೆ ಅವಳೆಂದರೆ ಪ್ರಾಣ. ಗೌರಿಯ ಹಾಲುಹಲ್ಲು ನೋಡಿದವರೆಲ್ಲ ದಾಳಿಂಬೆ ಬೀಜ ಜೋಡಿಸಿದಂಗೆ ಐತೆ ಅನ್ನುತ್ತಿದ್ದರು. ಒಂದಕ್ಕೊಂದು ಅಂಟಿಕೊಂಡು, ಸೂಜಿಮೊನೆ ತೂರದಷ್ಟು ಒತ್ತು. ನನ್ನವು ಬಿಡಿಬಿಡಿ, ಸಂದಿ ಸಂದಿ. "ನಿನ್ನ ಬಾಯಾಗೆ ಕುರಿ ಹಿಂಡು ಹಾದೋಗಬೋದು ಕಣಲೇ" ಅಂತ ಅಜ್ಜಿಯೇ ಆಡಿಕೊಳ್ಳುತ್ತಿದ್ದಳು. ಗೌರಿ ಅತ್ತರೆ ಬೆಲ್ಲ, ನಕ್ಕರೆ ಬೆಲ್ಲ, ಮಲಗುವಾಗ ದವಡೆಗೊಂದು ಬೆಲ್ಲದ ಚೂರು. ನಕ್ಕರೆ ಅಂದೆನಲ್ಲ, ಗೌರಿ ನಗುವುದೆಂದರೆ ಮೆಲ್ಲಗೆ ನಗುವುದಲ್ಲ. ಕತ್ತು ಹಿಂದಕ್ಕೆ ಹಾಕಿ, ಗಂಟಲೊಳಗಿನ ಕಿರುನಾಲಿಗೆ ಕಾಣುವ ಹಾಗೆ, ಬೀದಿಯ ಆ ತುದಿಗೆ ಕೇಳುವ ಹಾಗೆ ನಗುತ್ತಿದ್ದಳು. ಅಪ್ಪ ಮಗ್ಗ ನಿಲ್ಲಿಸಿ, "ಏನು ಹುಡುಗೀನಪ್ಪಾ ಇದು" ಅಂತ ತಾನೂ ನಗುತ್ತಿದ್ದ. ಆರು ತುಂಬುವ ಹೊತ್ತಿಗೆ ಅವಳ ಹಿಂದಿನ ಹಲ್ಲುಗಳು ಎರಡೂ ಕಡೆ ಹುಳುಕು ಹಿಡಿದು, ಕೆನ್ನೆ ಊದಿ, ಊಟ ಬಿಟ್ಟು ಅಳುವುದು ಶುರುವಾಯಿತು. ಅಜ್ಜಿಗೆ ನೋಡಲಾಗಲಿಲ್ಲ. ಲವಂಗ ಇಟ್ಟಳು, ಬಿಸಿ ಉಪ್ಪಿನ ಶಾಖ ಕೊಟ್ಟಳು, ಆಮೇಲೆ ದಿನಾ ಸ್ವಲ್ಪ ಸ್ವಲ್ಪ ಅಲ್ಲಾಡಿಸಿ, ಒಂದಾದ ಮೇಲೊಂದು ಕೆಳಗಿನವು ಮೇಲಿನವು ಎಲ್ಲವನ್ನೂ ದಾರ ಹಾಕಿ ತೆಗೆದಳು. ನೋವು ನಿಂತಿತು. ಗೌರಿ ಊಟ ಮಾಡಿದಳು, ಮತ್ತೆ ನಕ್ಕಳು. ಮನೆಯವರೆಲ್ಲ ಅಜ್ಜಿಯ ಕೈಗುಣ ಹೊಗಳಿದೆವು.

ಎರಡು ಮೂರು ವರ್ಷಕ್ಕೆ ಗೌರಿಯ ಹೊಸ ಹಲ್ಲು ಬಂದವು, ಬಂದಂಗೆಲ್ಲ ಒಂದನ್ನೊಂದು ತಳ್ಳಿಕೊಂಡು ಬಂದವು. ಮುಂದಿನವು ಓರೆಯಾಗಿ ತಿರುಗಿದವು, ಒಂದರ ಹಿಂದೆ ಒಂದು ಅವಿತುಕೊಂಡಿತು, ಆಮೇಲಾಮೇಲೆ ಕೋರೆಹಲ್ಲು ಸಾಲಿನಲ್ಲಿ ಜಾಗ ಸಿಗದೆ ವಸಡಿನ ಮೇಲ್ಗಡೆಯಿಂದ ಇಣುಕಿತು. ಅಜ್ಜಿ ಧೈರ್ಯವಾಗಿಯೇ ಇದ್ದಳು. "ಹಲ್ಲಿನ ಮೇಲೆ ಹಲ್ಲು ಬಂದ್ರೆ ಅದೃಷ್ಟ" ಅಂತ ಬೀದಿಯೆಲ್ಲ ಸಾರಿದಳು. ಅದೇ ಕೈ ಅದೇ ದಾರ ಹಾಕಿ ಕಿತ್ತರೂ ನನ್ನ ಹಲ್ಲುಗಳು ಮಾತ್ರ ಮಗ್ಗದ ಅಚ್ಚಿನ ಕಡ್ಡಿಗಳ ಹಾಗೆ ನೆಟ್ಟಗೆ ನಿಂತವು. ನನಗೆ ನೋವು ಬಂದಿರಲಿಲ್ಲವಾಗಿ ಹಿಂದಿನವಕ್ಕೆ ಅಜ್ಜಿ ಕೈ ಹಾಕಿರಲಿಲ್ಲ, ಅಷ್ಟೇ. ಆದರೆ ಕನ್ನಡಿ ಮುಂದೆ ನಾವಿಬ್ಬರೂ ಒಟ್ಟಿಗೆ ನಿಂತಾಗ ನನಗೆ ಏನೋ ಕದ್ದು ತಿಂದವನ ಹಾಗೆ ಅನ್ನಿಸುತ್ತಿತ್ತು. ಇವತ್ತಿಗೂ ಯಾರಾದರೂ ನನ್ನ ಹಲ್ಲು ಚೆನ್ನಾಗಿವೆ ಅಂದರೆ ನಾನು ಮಾತು ಬದಲಾಯಿಸುತ್ತೇನೆ.

ಶಾಲೆಗೆ ಮಕ್ಕಳನ್ನು ತಪಾಸಣೆ ಮಾಡಲು ಬಂದವರು ಗೌರಿಯ ಬಾಯಿ ನೋಡಿ, ಚಳ್ಳಕೆರೆಯಲ್ಲಿ ಹಲ್ಲಿನ ಡಾಕ್ಟರಿಗೆ ತೋರಿಸಿ ಅಂದರು. ಅಪ್ಪ ಮಗ್ಗ ಬಿಟ್ಟು ಏಳುವ ಹಾಗಿರಲಿಲ್ಲ. "ನಾನು ಕರ್ಕಂಡು ಹೋಗ್ತೀನಿ, ಹಲ್ಲಿನ ವಿಚಾರ ನನಗೆ ಗೊತ್ತಿರೋಷ್ಟು ನಿನಗೆ ಗೊತ್ತೈತಾ?" ಅಂತ ಅಜ್ಜಿ ಒಳ್ಳೆ ಸೀರೆ ಉಟ್ಟು ಹೊರಟಳು. ಜೊತೆಗೆ ನಾನು. ಬಸ್ಸಿನ ತುಂಬ ಶೇಂಗಾ ಚೀಲ, ಚಳ್ಳಕೆರೆ ಹತ್ತಿರ ಬಂದಂತೆ ಗಾಣಗಳ ಎಣ್ಣೆ ವಾಸನೆ, ಕಿಟಕಿಗೆ ಮೂಗಿಟ್ಟು ನಗುವ ಗೌರಿ. ಡಾಕ್ಟರು ವಯಸ್ಸಾದವರು, ಮೆತ್ತಗೆ ಮಾತಾಡುವವರು. ಗೌರಿಯ ಬಾಯಿ ನೋಡಿ, "ಹಿಂದಿನ ಹಾಲುಹಲ್ಲು ಇಷ್ಟು ಬೇಗ ಯಾರು ತೆಗೆದಿದ್ದು?" ಅಂದರು. ಅಜ್ಜಿ ಸೆರಗು ಸರಿ ಮಾಡಿಕೊಂಡು ಮುಂದೆ ಬಂದಳು. "ಎಲ್ಲಾ ನಾನೇ ಕಿತ್ತಿದ್ದು ಸಾಮಿ. ರೇಷ್ಮೆ ಎಳೆ ಹಾಕಿ. ನಮ್ಮ ಬೀದಿ ಮಕ್ಕಳಿಗೆಲ್ಲ ನಾನೇ ಕೀಳೋದು" ಅಂದಳು. ಅಷ್ಟು ಹೆಮ್ಮೆಯಿಂದ ಅವಳು ತನ್ನ ಬಗ್ಗೆ ಮಾತಾಡಿದ್ದನ್ನು ನಾನು ಮತ್ತೆ ಕೇಳಲಿಲ್ಲ. ಡಾಕ್ಟರು ಅವಳನ್ನು ಬೈಯಲಿಲ್ಲ. ಬೈದಿದ್ದರೆ ಅವಳೂ ನಾಲ್ಕು ಮಾತು ತಿರುಗಿಸಿ ಬೈದು ಹಗುರಾಗುತ್ತಿದ್ದಳೇನೋ. ಅವರು ಮೇಜಿನ ಮೇಲಿದ್ದ ಸುಣ್ಣದ ಹಲ್ಲಿನ ಸೆಟ್ಟು ಎತ್ತಿ ತೋರಿಸಿದರು. "ಹಾಲುಹಲ್ಲು ಬರೀ ಅಗಿಯೋಕೆ ಇರೋದಲ್ಲ ಅಜ್ಜಿ. ಕೆಳಗಿರೋ ಹೊಸ ಹಲ್ಲಿಗೆ ಜಾಗ ಕಾಯ್ತಾ ಕೂತಿರುತ್ತೆ. ಹಿಂದಿನವು ಹತ್ತು ಹನ್ನೊಂದು ವರ್ಷದವರೆಗೆ ಇರಬೇಕು. ಅದನ್ನ ಮುಂಚೇನೇ ತೆಗೆದ್ರೆ ಅಕ್ಕಪಕ್ಕದ ಹಲ್ಲು ಆ ಜಾಗಕ್ಕೆ ವಾಲ್ಕೊಳ್ಳುತ್ತೆ. ಹೊಸದು ಬಂದಾಗ ಅದಕ್ಕೆ ಜಾಗ ಇರಲ್ಲ, ಒಂದರ ಸಂದಿಗೆ ಇನ್ನೊಂದು ನುಗ್ಗುತ್ತೆ."

ಅಜ್ಜಿ ಆ ಸುಣ್ಣದ ಹಲ್ಲುಗಳನ್ನು ಕೈಗೆ ತೆಗೆದುಕೊಂಡು ಹೆಬ್ಬೆರಳಿನಿಂದ ಒಂದೊಂದನ್ನೇ ಮುಟ್ಟಿ ನೋಡಿದಳು. ಡಾಕ್ಟರು ಇನ್ನೂ ಹೇಳುತ್ತಿದ್ದರು. ಪೂರಾ ನಿಮ್ಮಿಂದಲೇ ಆಗಿದ್ದಲ್ಲ, ಈ ಹುಡುಗಿಯ ದವಡೆ ಚಿಕ್ಕದು, ಹಾಲುಹಲ್ಲು ಸಂದಿಯಿಲ್ಲದೆ ಒತ್ತಾಗಿದ್ದವು ಅಂದರೆ ಆಗಲೇ ತಿಳಿಯಬೇಕು, ಮಕ್ಕಳ ಹಲ್ಲು ಬಿಡಿಬಿಡಿ ಇದ್ದರೇ ಒಳ್ಳೆಯದು ಅಂದರು. ಒಂದೆರಡು ಹಲ್ಲು ತೆಗೆದು ತಂತಿ ಕಟ್ಟಿದರೆ ಸಾಲಿಗೆ ತರಬಹುದು, ಅದಕ್ಕೆ ದೊಡ್ಡ ಊರಿಗೆ ತಿಂಗಳು ತಿಂಗಳು ಹೋಗಬೇಕು ಅಂತಲೂ ಹೇಳಿದರು. ಪೂರಾ ನಿಮ್ಮಿಂದಲೇ ಆಗಿದ್ದಲ್ಲ ಅಂದ ಮಾತು ಮಾತ್ರ ಅಜ್ಜಿಯ ಕಿವಿಗೆ ಬೀಳಲೇ ಇಲ್ಲ. ವಾಪಸ್ಸು ಬಸ್ಸಿನಲ್ಲಿ ಎಲೆಅಡಿಕೆಯನ್ನೂ ಹಾಕಲಿಲ್ಲ. ಗೌರಿ ಅವಳ ತೊಡೆಯ ಮೇಲೆ ನಿದ್ದೆಹೋಗಿದ್ದಳು. ದಾರಿಯ ಬಿ.ಜಿ. ಕೆರೆ ಊರು ದಾಟಿದ ಮೇಲೆ ನನ್ನ ಕಡೆ ತಿರುಗಿ, "ಹಳೇದು ಇದ್ರೆ ತಾನೇ ಹೊಸದಕ್ಕೆ ಜಾಗ ಗೊತ್ತಾಗೋದು" ಅಂದಳು. ನನಗೆ ಮೊದಲು ಅರ್ಥವಾಗಲಿಲ್ಲ. "ಮಗ್ಗದಾಗೆ ಒಂದು ಎಳೆ ಯಾರೂ ಮುಟ್ಟಬಾರ್ದು ಅಂತ ಊರಿಗೆಲ್ಲ ಬುದ್ಧಿ ಹೇಳ್ದೋಳು ನಾನು. ಈ ಕೂಸಿನ ಬಾಯಾಗೆ ಎಲ್ಲಾ ಎಳೆ ಕತ್ತರಿಸಿಬಿಟ್ಟೆ ನೋಡಪ್ಪಾ. ಗೊತ್ತಿಲ್ದೆ ಮಾಡಿದ್ರೆ ಒಂದು. ನನಗೆ ಗೊತ್ತಿತ್ತು." ನಾನು, ಹೋಗ್ಲಿ ಬಿಡಜ್ಜಿ ಅಂದೆ. ಹದಿಮೂರರ ಹುಡುಗ ಇನ್ನೇನು ಹೇಳಿಯಾನು? ಅವಳು ಗೌರಿಯ ಬಾಯಿಯ ಮೇಲೆ ಕೂರಲು ಬಂದ ನೊಣವನ್ನು ಓಡಿಸುತ್ತಾ ಕೂತಳು.

ಅಂದಿನಿಂದ ಅಜ್ಜಿ ಹಲ್ಲಿಗೆ ದಾರ ಹಾಕಲಿಲ್ಲ. ಶಫಿಯ ತಾಯಿ ಚಿಕ್ಕ ಮಗಳನ್ನು ಕರೆದುಕೊಂಡು ಬಂದಾಗ, "ಬ್ಯಾಡಮ್ಮ, ಡಾಕ್ಟರ ಹತ್ರ ಹೋಗು. ನನ್ನ ಕೈ ಒಳ್ಳೇದಲ್ಲ" ಅಂದಳು. ಅವರು ಏನೋ ಮಡಿ ಮೈಲಿಗೆ ಅಂದುಕೊಂಡು ಮುಖ ಇಳಿಬಿಟ್ಟುಕೊಂಡು ಹೋದರು. ಅಜ್ಜಿ ಅದನ್ನೂ ಹಚ್ಚಿಕೊಂಡು ಕೊರಗಿದಳು. ಬೀದಿಯಲ್ಲಿ ಯಾವ ಮಗು ಬಾಯಿ ಬಿಟ್ಟರೂ ಅವಳ ಕಣ್ಣು ಹಲ್ಲಿನ ಮೇಲೆ. ಯಾರದೋ ಮದುವೆಗೆ ಹೋದರೆ ಹುಡುಗನ ಓರೆ ಹಲ್ಲು ನೋಡಿ, ಇವನದೂ ನಾನೇ ಕಿತ್ತಿದ್ದಾ ಅಂತ ಅವ್ವನ ಕಿವಿಯಲ್ಲಿ ಕೇಳುತ್ತಿದ್ದಳು. ಆ ಹುಡುಗ ರಾಯದುರ್ಗದ ಕಡೆಯವನು, ನಮ್ಮೂರಿನ ನೀರೂ ಕುಡಿದವನಲ್ಲ ಅಂದರೂ ಸಮಾಧಾನವಿಲ್ಲ. ಗೌರಿಗೆ ತಂತಿ ಕಟ್ಟಿಸಿಕೊಂಡು ಬರೋಣ, ತಿಂಗಳು ತಿಂಗಳು ನಾನೇ ಬಸ್ಸಿನಲ್ಲಿ ಕರೆದೊಯ್ಯುತ್ತೇನೆ ಅಂತ ಅಪ್ಪನ ಬೆನ್ನು ಹತ್ತಿದಳು. ಅಪ್ಪ, "ಹುಡುಗಿ ರೊಟ್ಟಿ ಕಡೀತಾಳಲ್ಲ ಸಾಕು ಬಿಡವ್ವ" ಅಂದ. ಗೌರಿಯಂತೂ ಇನ್ನೂ ಹಲ್ಲು ತೆಗೆಯಬೇಕಂತೆ ಅಂತ ಕೇಳಿದ್ದೇ ತಡ, ಮಗ್ಗದ ಗುಂಡಿಯೊಳಗೆ ಇಳಿದು ಕೂತು ಹೊರಗೇ ಬರಲಿಲ್ಲ. ಹಾಗಾಗಿ ಯಾರೂ ಎಲ್ಲಿಗೂ ಹೋಗಲಿಲ್ಲ.

ಅದಾಗಿ ಸ್ವಲ್ಪ ದಿನಕ್ಕೇ ಗೌರಿ ನಗುವಾಗ ಅಂಗೈ ಬಾಯಿಗೆ ಅಡ್ಡ ಹಿಡಿಯುವುದನ್ನು ಕಲಿತಳು. ನಗು ಮೊದಲಿನಷ್ಟೇ ಜೋರು, ಆದರೆ ಕೈಯ ಹಿಂದಿನಿಂದ ಬರುತ್ತಿತ್ತು. ಶಾಲೆಯಲ್ಲಿ ಯಾರೋ ಆಡಿಕೊಂಡಿರಬೇಕು ಅಂತ ಅಪ್ಪ ಅಂದ. ಹುಡುಗಿ ದೊಡ್ಡವಳಾಗುತ್ತಿದ್ದಾಳೆ, ನಾಚಿಕೆ ಅಂತ ಅವ್ವ ಅಂದಳು. ಗೌರಿಯ ಕೈ ಮೇಲೆ ಹೋದಾಗೆಲ್ಲ ಅಜ್ಜಿಯ ರಾಟೆ ನಿಲ್ಲುತ್ತಿತ್ತು. ಒಮ್ಮೆ ನನ್ನನ್ನು ಕರೆದು, "ನಾನು ಕಿತ್ತಿದ್ದು ಹಲ್ಲಲ್ಲಪ್ಪಾ, ಆ ಕೂಸಿನ ನಗು" ಅಂದಳು. ಕೊನೆಕೊನೆಗೆ ಅವಳ ಕಣ್ಣು ಮಂದವಾಗಿ, ಎಳೆ ಕೂಡಿಸುವುದು ಅವ್ವನ ಪಾಲಿಗೆ ಬಂತು. ಅಜ್ಜಿಯ ಬಾಯಿಯಲ್ಲೂ ಹಲ್ಲು ಉಳಿದಿರಲಿಲ್ಲ. ರೊಟ್ಟಿಯನ್ನು ಸಾರಿನಲ್ಲಿ ನೆನೆಸಿ ಗೌರಿಯೇ ತಿನ್ನಿಸುತ್ತಿದ್ದಳು. ಊಟ ಮುಗಿದ ಮೇಲೆ ಅಜ್ಜಿ, ಬಾ ಇಲ್ಲಿ ಅಂತ ಅವಳನ್ನು ಹತ್ತಿರ ಕೂರಿಸಿಕೊಂಡು, ಕತ್ತಲಲ್ಲಿ ಹರಿದ ಎಳೆ ಹುಡುಕುವವಳಂತೆ ಬೆರಳಿನಿಂದ ಅವಳ ಹಲ್ಲುಗಳನ್ನು ಸವರುತ್ತಿದ್ದಳು. ಗೌರಿ ಬಾಯಿ ತೆರೆದುಕೊಂಡು ಅಲ್ಲಾಡದೆ ಕೂರುತ್ತಿದ್ದಳು. ಒಂದು ಬೇಸಿಗೆ, ಮಧ್ಯಾಹ್ನ ಉಂಡು ಕಂಬಕ್ಕೆ ಒರಗಿದ ಅಜ್ಜಿ ಮತ್ತೆ ಏಳಲಿಲ್ಲ. ಚಿಪ್ಪಿನಲ್ಲಿ ಬೂದಿ ಇನ್ನೂ ಇತ್ತು.

ಈಗ ಆ ಮನೆ ಇಲ್ಲ. ಮಾಳಿಗೆ ಒಂದು ಮಳೆಗಾಲ ಕುಸಿಯಿತು, ಅಪ್ಪ ಅವ್ವ ನನ್ನ ಜೊತೆ ಚಳ್ಳಕೆರೆಗೆ ಬಂದರು, ಇಲ್ಲೇ ಒಬ್ಬರ ಹಿಂದೊಬ್ಬರು ಹೋದರು. ಮಗ್ಗದ ಗುಂಡಿ ಮುಚ್ಚಿ ಆ ಜಾಗದಲ್ಲಿ ಯಾರೋ ಮೊಬೈಲ್ ಅಂಗಡಿ ಕಟ್ಟಿದ್ದಾರೆ. ನಾನು ಎಣ್ಣೆ ಮಿಲ್ಲುಗಳ ಹತ್ತಿರ ಮೋಟಾರು ವೈಂಡಿಂಗ್ ಅಂಗಡಿ ಇಟ್ಟುಕೊಂಡಿದ್ದೇನೆ. ರೇಷ್ಮೆ ಸುತ್ತಿದವರ ಮೊಮ್ಮಗ ತಾಮ್ರ ಸುತ್ತುತ್ತಾನೆ. ಗೌರಿ ಬಿ.ಜಿ. ಕೆರೆಯಲ್ಲಿದ್ದಾಳೆ, ಗಂಡನ ಮನೆಯಲ್ಲಿ. ಇಬ್ಬರು ಗಂಡುಮಕ್ಕಳನ್ನು ಬೆಳೆಸಿದ್ದಾಳೆ, ಹೊಲದ ಕೆಲಸಕ್ಕೆ ಬಂದ ಹೆಂಗಸರನ್ನೆಲ್ಲ ನಗಿಸಿ ನಗಿಸಿ ಸುಸ್ತು ಮಾಡುತ್ತಾಳೆ ಅಂತ ಅವಳ ಗಂಡನೇ ದೂರುತ್ತಾನೆ. ನಗುವಾಗ ಕೈ ಮಾತ್ರ ಇವತ್ತಿಗೂ ಬಾಯಿಗೆ ಅಡ್ಡ. ಆ ಕೈ ಕಂಡಾಗೆಲ್ಲ ನನಗೆ ರಾಟೆ ನಿಂತ ಸದ್ದು ಕೇಳುತ್ತದೆ. ಅಜ್ಜಿ ಹೋದಮೇಲೆ ಆ ಕೊರಗು ಎಲ್ಲಿಗೆ ಹೋಗಬೇಕು ಅಂತ ತಿಳಿಯದೆ ನನ್ನ ಮನೆಗೆ ಬಂದು ಕೂತಿತ್ತೋ ಏನೋ.

ಸಿಂಚನಳ ಹುಳುಕು ಹಲ್ಲನ್ನು ಡಾಕ್ಟರಮ್ಮ ತೆಗೆದರು. ತೆಗೆದು ಹಾಗೇ ಬಿಡಲಿಲ್ಲ. ಹಲ್ಲಿನ ಅಚ್ಚು ತೆಗೆದುಕೊಂಡು, ಪಕ್ಕದ ಹಲ್ಲಿಗೆ ಉಂಗುರದಂತೆ ಕೂರುವ, ಖಾಲಿ ಜಾಗದುದ್ದಕ್ಕೂ ಚಾಚಿಕೊಳ್ಳುವ ಒಂದು ಪುಟ್ಟ ತಂತಿಯ ಕುಣಿಕೆ ಮಾಡಿಸಿದರು. "ಹೊಸ ಹಲ್ಲು ಬರೋವರೆಗೆ ಇದು ಜಾಗ ಹಿಡ್ಕೊಂಡಿರುತ್ತೆ. ಮುಂದಿನ ಹಲ್ಲುಗಳನ್ನ ನೋಡ್ತಾ ಹೋಗೋಣ, ತಂತಿ ಕಟ್ಟೋದು ಬೇಕಾದ್ರೆ ಆಮೇಲೆ" ಅಂದರು. ಅಷ್ಟು ಸಣ್ಣ ವಸ್ತು, ಅಂಗೈಯಲ್ಲಿಟ್ಟರೆ ಭಾರವೇ ಇಲ್ಲ. ಅಜ್ಜಿಯ ರೇಷ್ಮೆ ಕುಣಿಕೆಯಷ್ಟೇ ಇತ್ತು. ಇದೊಂದು ಇದ್ದಿದ್ದರೆ ಆ ಮುದುಕಿ ನೆಮ್ಮದಿಯಾಗಿ ಎಲೆಅಡಿಕೆ ಹಾಕಿಕೊಂಡು ಸಾಯುತ್ತಿದ್ದಳಲ್ಲ ಅನ್ನಿಸಿ ನನ್ನ ಕಣ್ಣು ತುಂಬಿತು. ಅದನ್ನು ಹಾಕಿಸುವ ದಿನ ಅತ್ತೆ ಬಂದರೇನೇ ಬರೋದು ಅಂತ ಸಿಂಚನ ಹಟ ಹಿಡಿದಿದ್ದಳು. ಗೌರಿ ಬೆಳಗಿನ ಬಸ್ಸಿಗೇ ಬಂದಳು. ಕೆಲಸ ಮುಗಿದ ಮೇಲೆ ಹೊರಗೆ ಬೆಂಚಿನ ಮೇಲೆ ಮೂವರೂ ಕೂತಿದ್ದೆವು. ಸಿಂಚನ ನಾಲಿಗೆಯಿಂದ ತಂತಿ ಮುಟ್ಟಿ ಮುಟ್ಟಿ ನೋಡುತ್ತಾ, ಮಾತು ತೊದಲುತ್ತಾ ಏನೋ ಅಂದಳು. ಗೌರಿ ನಕ್ಕಳು, ಕೈ ಅಡ್ಡ ಹೋಯಿತು. ಮಗಳು ಅದನ್ನೇ ನೋಡಿ, "ಅತ್ತೆ, ನಗುವಾಗ ಯಾಕೆ ಬಾಯಿ ಮುಚ್ಕೊಂತೀಯ? ಹಲ್ಲು ಸೊಟ್ಟ ಐತೆ ಅಂತ ನಾಚ್ಕೆನಾ?" ಅಂದುಬಿಟ್ಟಳು.

"ಲೇ, ಸುಮ್ನಿರು" ಅಂತ ಗದರಿದೆ. ನನಗೆ ಆ ಉತ್ತರ ಕೇಳುವುದು ಬೇಕಿರಲಿಲ್ಲ. ಗೌರಿ ಬೇಜಾರೇ ಮಾಡಿಕೊಳ್ಳಲಿಲ್ಲ. "ಅಯ್ಯ, ನನಗ್ಯಾವ ನಾಚ್ಕೆ ಕಣವ್ವಾ. ನನ್ನ ಹಲ್ಲು ನಂಗೆ ಚೆನ್ನಾಗೇ ಐತೆ" ಅಂದಳು. "ನಮ್ಮಜ್ಜಿ ಇದ್ಲು. ಚಿಕ್ಕೋಳಿದ್ದಾಗ ನನ್ನ ಹಲ್ಲು ಕಿತ್ತಿದ್ಲು. ಅದಕ್ಕೇ ಇಂಗಾತು ಅಂತ, ನಾನು ನಕ್ಕಾಗೆಲ್ಲ ಅವಳ ಮುಖ ಇಷ್ಟೇ ಇಷ್ಟು ಆಗ್ತಿತ್ತು. ಪಾಪ, ಅವಳಿಗೆ ಕಾಣಬಾರ್ದು ಅಂತ ಕೈ ಅಡ್ಡ ಇಡಾಕೆ ಸುರು ಮಾಡಿದೆ. ಅಷ್ಟೇ."

ಎಷ್ಟು ಹಗುರಾಗಿ ಹೇಳಿದಳು ಅಂದರೆ, ಅದು ನಮಗೆಲ್ಲ ಗೊತ್ತಿರುವ ವಿಷಯವೇ ಅಂತ ಅವಳು ತಿಳಿದಿದ್ದಂತಿತ್ತು. ನನಗೆ ಗೊತ್ತಿರಲಿಲ್ಲ. ಅಪ್ಪನಿಗೆ, ಅವ್ವನಿಗೆ ಗೊತ್ತಿರಲಿಲ್ಲ. ಅಜ್ಜಿಗೆ ಗೊತ್ತಿರಲಿಲ್ಲ. ತನ್ನನ್ನು ನೋಯಿಸಬಾರದು ಅಂತ ಎತ್ತಿದ ಕೈಯನ್ನು, ತಾನು ಮಾಡಿದ ಗಾಯ ಮುಚ್ಚಲು ಎತ್ತಿದ್ದು ಅಂತ ನಂಬಿಕೊಂಡೇ ಆ ಜೀವ ಸವೆಯಿತು. ಇಬ್ಬರೂ ಒಂದೇ ನಡುಮನೆಯಲ್ಲಿ, ಒಂದೇ ತಾಟಿನ ಮುಂದೆ ಕೂತಿದ್ದರು. ಅವರ ನಡುವೆ ಕೂತು ಉಂಡವನು ನಾನು. ನೆಟ್ಟಗಿನ ಹಲ್ಲು ಇಟ್ಟುಕೊಂಡು ಒಂದು ಮಾತು ಕೇಳಲಿಲ್ಲ. ಯಾಕೆ ಗೌರಿ, ಯಾಕೆ ಮುಚ್ಚಿಕೊಳ್ಳುತ್ತೀಯ ಅಂತ ಇವತ್ತು ಏಳು ವರ್ಷದ ಹುಡುಗಿ ಕೇಳಿದ್ದನ್ನು ಅವತ್ತು ನಾನು ಕೇಳಬಹುದಿತ್ತು.

ಸಿಂಚನ ಮತ್ತೆ ನಾಲಿಗೆಯಿಂದ ತಂತಿ ಮುಟ್ಟಿ ನೋಡಿದಳು. "ಆ ಅಜ್ಜಿ ಸತ್ತೋಗಿ ಎಷ್ಟೋ ದಿನ ಆತಲ್ಲ ಅತ್ತೆ. ಇನ್ನೂ ಯಾಕೆ ಮುಚ್ಕೊಂತೀಯ?" ಅಂದಳು. ಗೌರಿಗೆ ಅದು ಎಲ್ಲಿ ಹೋಗಿ ತಟ್ಟಿತೋ, ಮೊದಲಿನ ಹಾಗೆ, ಕತ್ತು ಹಿಂದಕ್ಕೆ ಹಾಕಿ, ಕಿರುನಾಲಿಗೆ ಕಾಣುವ ಹಾಗೆ ನಕ್ಕಳು. ಚೀಟಿ ಬರೆಯುತ್ತಿದ್ದ ಹುಡುಗಿ ತಲೆಯೆತ್ತಿ ನೋಡಿದಳು. ಓರೆಯಾದ ಮುಂದಿನ ಹಲ್ಲು, ಅದರ ಹಿಂದೆ ಅವಿತದ್ದು, ಮೇಲಿನಿಂದ ಇಣುಕುವ ಕೋರೆಹಲ್ಲು, ಎಲ್ಲವನ್ನೂ ನಾನು ಎಷ್ಟೋ ವರ್ಷದ ಮೇಲೆ ಕಂಡೆ. ನಗು ಅರ್ಧಕ್ಕೆ ಬರುವಷ್ಟರಲ್ಲಿ ಅವಳ ಕೈ ತಾನಾಗೇ ಎದ್ದು ಬಂದು ಬಾಯಿ ಮುಚ್ಚಿತು. "ನೋಡವ್ವಾ, ನಾನು ಹೇಳಿದ್ರೆ ಕೇಳಲ್ಲ ಈ ಕೈ" ಅಂದಳು ಅದರ ಹಿಂದಿನಿಂದ.

ಅಜ್ಜೀ, ಅದು ನಾಚಿಕೆ ಆಗಿರಲಿಲ್ಲ. ನೀನು ಅವಳ ನಗು ಕಿತ್ತಿರಲಿಲ್ಲ. ಇಷ್ಟನ್ನು ಹೇಳಲು ಆ ನಡುಮನೆಗೆ ಒಂದು ಸಲ ಹೋಗಿಬರಬೇಕು ಅನ್ನಿಸುತ್ತದೆ, ತಲೆ ಬಗ್ಗಿಸಿ ಒಳಗೆ ಹೋಗಿ ಕಂಬದ ಹತ್ತಿರ ಕೂರಬೇಕು ಅನ್ನಿಸುತ್ತದೆ. ಮಗಳ ಹಾಲುಹಲ್ಲು ಹತ್ತಿಯಲ್ಲಿ ಸುತ್ತಿದ್ದು ನನ್ನ ಅಂಗಿ ಜೇಬಿನಲ್ಲೇ ಇದೆ. ಅದನ್ನು ಎಸೆಯಲು ಮಾಳಿಗೆಯೂ ಇಲ್ಲ.